ಅರಿಶಿನ ಹಚ್ಚಿದ ಸಮುದ್ರ

ಜನ ಸೇರಿಸುವ ವಿದ್ಯೆ ಎಲ್ಲರಿಗೂ ಬರುವುದಿಲ್ಲ. ನನಗೆ ಅದು ಹುಟ್ಟಿನಿಂದಲೇ ಬಂದಿದೆ ಎಂಬ ದೃಢವಾದ ನಂಬಿಕೆ ನನಗಿತ್ತು. ನನ್ನ ಹೆಂಡತಿ ಕಮಲಳಿಗೆ ನನ್ನ ವಿಷಯದಲ್ಲಿ ಅಷ್ಟೇ ದೃಢವಾದ ಬೇರೊಂದು ನಂಬಿಕೆ ಇತ್ತು. ಅದನ್ನು ಇಲ್ಲಿ ಬರೆಯುವುದು ಬೇಡ.

ಆಗ ನಾನು ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಮಂಡ್ಯದ ಕಡೆಗೆ ಕಾಲುವೆಯ ನೀರು ಹೊಸದಾಗಿ ಬಂದ ಕಾಲ. ಯಾರ ಬಾಯಲ್ಲಿ ನೋಡಿದರೂ ಕಬ್ಬಿನ ಮಾತು, ಗದ್ದೆಯ ಮಾತು. ನೀರು ಬಂತು, ಬೆಳೆ ಬಂತು, ಇನ್ನು ಜ್ಞಾನವೊಂದು ಬಂದುಬಿಟ್ಟರೆ ನಮ್ಮ ಸೀಮೆ ಉದ್ಧಾರವಾದಂತೆಯೇ ಎಂದು ನಾವು ಕೆಲವರು ಸೇರಿ ಒಂದು ಸಂಘ ಕಟ್ಟಿದೆವು. ಜ್ಞಾನ ತರುವ ಭಾರವನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಬಂದಾಗ ಉಳಿದವರೆಲ್ಲ ನೆಲ ನೋಡಿದರು. ನಾನು ಮೇಲೆ ನೋಡುತ್ತಿದ್ದೆ. ಹಾಗಾಗಿ ನಾನೇ ಕಾರ್ಯದರ್ಶಿಯಾದೆ.

ತಾಲ್ಲೂಕು ಕಚೇರಿಯ ಹಿಂದೆ ಒಂದು ಹಳೆಯ ಕೊಠಡಿ ಖಾಲಿ ಬಿದ್ದಿತ್ತು. ಅಮಲ್ದಾರರು ದೊಡ್ಡ ಮನಸ್ಸು ಮಾಡಿ ಅದನ್ನು ನಮಗೆ ಬಿಟ್ಟುಕೊಟ್ಟಿದ್ದರು. ಎರಡು ಬೆಂಚು, ಒಂದು ಬೀರು ತುಂಬ ಪುಸ್ತಕ, ಒಂದು ದಿನ ಹಳೆಯದಾದ ಪತ್ರಿಕೆ. ಇಷ್ಟೇ ನಮ್ಮ ಆಸ್ತಿ. ಸಂಜೆಯಾದರೆ ಸ್ಟೇಷನ್ನಿನ ಹಮಾಲಿಗಳು, ಅಂಗಡಿಯ ಗುಮಾಸ್ತೆಗಳು ಬಂದು ಕೂರುತ್ತಿದ್ದರು. ಓದು ಬಂದವನು ಗಟ್ಟಿಯಾಗಿ ಓದುತ್ತಿದ್ದ, ಬಾರದವರು ಕೇಳುತ್ತಿದ್ದರು. ಲೋಕದಲ್ಲಿ ನನಗೆ ಅಷ್ಟು ಪ್ರೀತಿಯ ಜಾಗ ಇನ್ನೊಂದಿರಲಿಲ್ಲ. ಮನೆಯನ್ನೂ ಸೇರಿಸಿ ಹೇಳುತ್ತಿದ್ದೇನೆ. ಕಮಲ ಇದನ್ನು ಓದಿದರೆ ಓದಲಿ!

ಒಂದು ದಿನ ಅಮಲ್ದಾರರು ನನ್ನನ್ನು ಕರೆಸಿದರು.

"ಮೇಷ್ಟ್ರೇ, ಕಳೆದ ಸಲ ನಿಮ್ಮ ಭಾಷಣಕ್ಕೆ ಬಂದಿದ್ದೆ. ಯಾರು ಯಾರು ಇದ್ವಿ ಹೇಳಿ? ನಾನು, ನನ್ನ ಜವಾನ, ನೀವು. ಜವಾನ ನಿದ್ದೆ ಮಾಡಿದ. ನನಗೂ ಮಾಡಬೇಕು ಅನ್ನಿಸ್ತು. ಹುದ್ದೆ ಅಡ್ಡ ಬಂತು."

"ಅವತ್ತು ಹವಾ ಸರಿಯಿರಲಿಲ್ಲ ಸಾರ್..."

"ಹವಾ ಇರಲಿ. ಕಚೇರಿಯಲ್ಲಿ ಹಳೇ ದಫ್ತರ ಇಡೋಕೆ ಜಾಗವಿಲ್ಲ. ನಿಮ್ಮ ಸಂಘಕ್ಕೆ ಸುತ್ತಲ ಹಳ್ಳಿ ಜನ ಬರ್ತಾರೆ ಅಂತ ಒಂದು ಸಲ ನನಗೆ ತೋರಿಸಿ, ಕೊಠಡಿ ನಿಮಗೇ ಇರಲಿ. ಇಲ್ಲದಿದ್ರೆ ಯುಗಾದಿ ಆಗುತ್ತಲೂ ದಫ್ತರ ತುಂಬಿಸಿಬಿಡ್ತೀನಿ."

ಮನೆಗೆ ಹೋಗುವಷ್ಟರಲ್ಲಿ ಯೋಜನೆ ಸಿದ್ಧವಾಗಿತ್ತು. ಒಂದಲ್ಲ, ಮೂರು ದಿನದ ಕಾರ್ಯಕ್ರಮ! ಮೊದಲನೆಯ ಸಂಜೆ ಸಮುದ್ರ ದರ್ಶನ. ಎರಡನೆಯ ದಿನ ಶಿಂಷಾ ನದಿಯ ದಂಡೆಗೆ ಬಯಲು ವಿಹಾರ, ಗಿಡಮರ ಹಕ್ಕಿಪಕ್ಷಿಗಳ ಪರಿಚಯ. ಮೂರನೆಯ ದಿನ ಸಂಘದ ಸದಸ್ಯರಿಂದ ಸಂಗೀತ ಮತ್ತು ಒಂದು ಚಿಕ್ಕ ನಾಟಕ. ಬುದ್ಧಿಗೆ, ದೇಹಕ್ಕೆ, ಮನಸ್ಸಿಗೆ ಒಂದೊಂದು ದಿನ.

ಮದ್ದೂರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಂಗಳೂರಿನ ಕಡೆ ನನ್ನ ಸ್ನೇಹಿತನೊಬ್ಬ ಮೇಷ್ಟ್ರಾಗಿದ್ದ. ಅವನ ಹತ್ತಿರ ಪರದೆಯ ಮೇಲೆ ಚಿತ್ರ ಮೂಡಿಸುವ ಒಂದು ಮ್ಯಾಜಿಕ್ ಲ್ಯಾಂಟರ್ನು, ಅದಕ್ಕೆ ಬೇಕಾದ ಗಾಜಿನ ಚಿತ್ರಗಳು ಇದ್ದವು. ಅಲೆ, ಹಡಗು, ದೀಪಸ್ತಂಭ, ಬಲೆ ಎಳೆಯುವವರು, ಹೀಗೆ ಇಡೀ ಕರಾವಳಿ ಒಂದು ಪೆಟ್ಟಿಗೆಯಲ್ಲಿ. ಮೂರು ದಿನದ ಮಟ್ಟಿಗೆ ಕೊಡುತ್ತೇನೆ ಎಂದು ಒಪ್ಪಿಕೊಂಡ. ನಮ್ಮ ಸೀಮೆಯವರು ಶಿಂಷಾ ನೋಡಿದ್ದಾರೆ, ಕಾವೇರಿ ನೋಡಿದ್ದಾರೆ, ಕಾಲುವೆಯನ್ನಂತೂ ದಿನಾ ನೋಡುತ್ತಾರೆ. ಸಮುದ್ರ ಯಾರೂ ನೋಡಿಲ್ಲ. ನಾನೂ ನೋಡಿರಲಿಲ್ಲ. ಭಾಷಣ ಮಾಡುವುದಕ್ಕೆ ಅದು ಅಡ್ಡಿಯಲ್ಲ ಎಂದು ತೀರ್ಮಾನಿಸಿದೆ.

ಮಂಡ್ಯದ ಅಚ್ಚುಕೂಟದಲ್ಲಿ ಕರಪತ್ರ ಹಾಕಿಸಿದೆ. ಅಂದವಾದ ಅಕ್ಷರ, ಸುತ್ತಲೂ ಬಳ್ಳಿಯ ಅಂಚು. "ಸರ್ವರಿಗೂ ಆದರದ ಸ್ವಾಗತ" ಎಂದು ಕೊನೆಯಲ್ಲಿ ದಪ್ಪಗೆ. ಸಂತೆಯ ದಿನ ಮದ್ದೂರಿನಲ್ಲಿ ನಿಂತು ಕಂಡಕಂಡವರ ಕೈಗೆ ಕೊಟ್ಟೆ. ಯಾರೂ ಬೇಡ ಎನ್ನಲಿಲ್ಲ. ಎಷ್ಟು ಸಂಸ್ಕಾರವಂತ ಜನ ಎಂದು ಹಿಗ್ಗಿದೆ. ಸಂಜೆ ಮನೆಗೆ ಹೋಗುವಾಗ ಕಮಲಳಿಗೆಂದು ಹುರಿಗಡಲೆ ಕೊಂಡೆ. ಪೊಟ್ಟಣ ಬಿಚ್ಚಿದರೆ ಒಳಗೆ ನನ್ನದೇ ಕರಪತ್ರ! ಸಮುದ್ರ ದರ್ಶನದ ಮೇಲೆ ಉಪ್ಪು ಖಾರ ಬಿದ್ದಿತ್ತು. ಸಂಗೀತದ ಮೇಲೆ ಎಣ್ಣೆಯ ಕಲೆ.

"ನೋಡು, ಜನ ಜ್ಞಾನಕ್ಕೆ ಕೊಡೋ ಬೆಲೆ ನೋಡು!" ಎಂದೆ.

"ಕಡಲೆ ಗರಿಗರಿಯಾಗಿದೆ" ಎಂದಳು ಕಮಲ.

ಮಾರನೆಯ ದಿನ ಕೈಯಲ್ಲಿ ಉಳಿದ ಕರಪತ್ರ ಹಿಡಿದು ಬೆಸಗರಹಳ್ಳಿಗೆ ಹೋದೆ. ಅಲ್ಲಿಯ ಪಟೇಲರಾದ ಮರಿಗೌಡರು ಮನಸ್ಸು ಮಾಡಿದರೆ ಊರಿಗೆ ಊರೇ ಗಾಡಿ ಕಟ್ಟುತ್ತದೆ. ಗೌಡರು ಮನೆಯಲ್ಲಿರಲಿಲ್ಲ. ಜಗಲಿಯ ಮೇಲೆ ಕಾದು ಕುಳಿತಾಗ ತೊಲೆಯ ಸಂದಿಯಲ್ಲಿ ಸಿಕ್ಕಿಸಿದ್ದ ಕೆಲವು ಕಾಗದಗಳು ಕಂಡವು. ಹೊಗೆ ಹಿಡಿದು ಕಪ್ಪಾಗಿದ್ದರೂ ನಾಲ್ಕು ಮೂಲೆಗೂ ಹಳದಿ. ಗೌಡರು ಬಂದ ಮೇಲೆ ಕೇಳಿದೆ.

"ಅದಾ? ನಮ್ ಬಾಮೈದನ ಮಗಳ ಮದ್ವೆ ಕಾಗ್ದ ಕಣ್ ಸ್ವಾಮಿ."

"ಓಹೋ, ಮದುವೆ ಯಾವಾಗ?"

"ಆಗೋಯ್ತು. ಅವ್ಳ ಮಗ ಈಗ ದನ ಕಾಯ್ತಾನೆ."

"ಮತ್ತೆ ಕಾಗದ ಇನ್ನೂ ಇಟ್ಟುಕೊಂಡಿದ್ದೀರಲ್ಲ?"

ಗೌಡರು ನನ್ನನ್ನು ಮರುಕದಿಂದ ನೋಡಿದರು. "ಅರಿಸ್ನ ಅಚ್ಚಿದ ಕಾಗ್ದ ಸ್ವಾಮಿ. ಬಿಸಾಕಕ್ಕಾದದಾ?"

ನನ್ನ ತಲೆಯಲ್ಲಿ ದೀಪ ಹತ್ತಿತು! ಕೈಯಲ್ಲಿದ್ದ ಕರಪತ್ರಗಳನ್ನು ಒಂದನ್ನೂ ಕೊಡದೆ ವಾಪಸ್ಸು ತಂದೆ. ನೇರವಾಗಿ ಅಡುಗೆಮನೆಗೆ ನುಗ್ಗಿ ಅರಿಶಿನದ ಡಬ್ಬಿ ತೆಗೆದು, ನೀರಿನಲ್ಲಿ ಕಲಸಿ, ಒಂದೊಂದೇ ಕರಪತ್ರದ ನಾಲ್ಕು ಮೂಲೆಗೂ ಹಚ್ಚುತ್ತ ಕುಳಿತೆ.

"ಏನ್ರೀ ಇದು?" ಎಂದಳು ಕಮಲ.

"ಉಪಾಯ! ಇನ್ನು ಯಾವ ಅಂಗಡಿಯವನು ಇದರಲ್ಲಿ ಕಡಲೆ ಕಟ್ತಾನೋ ನೋಡ್ತೀನಿ."

"ಅಲ್ಲಾರೀ, ಅರಿಶಿನ ಹಚ್ಚಿದ್ರೆ ಅದು ಲಗ್ನಪತ್ರಿಕೆ ಆಗುತ್ತೆ."

"ಹೇಗಾಗುತ್ತೆ? ಒಳಗೆ ಏನಿದೆ ಅಂತ ಓದಿದ್ರೆ ಗೊತ್ತಾಗೋದಿಲ್ವೇ?"

"ಓದೋಕೆ ಬರೋರು ಎಷ್ಟು ಜನ ಇದಾರೆ?"

"ಓದು ಬಾರದವರಿಗೆ ಓದಿನ ಆಸೆ ಹುಟ್ಟಿಸೋದೇ ನಮ್ಮ ಸಂಘದ ಧ್ಯೇಯ!" ಎಂದು ಎದೆಯುಬ್ಬಿಸಿ ಹೇಳಿದೆ. ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲ ಎಂದು ಈಗ ಕಾಣುತ್ತದೆ. ಆಗ ಕಾಣಲಿಲ್ಲ. ಕಮಲ ಡಬ್ಬಿಯ ತಳ ನೋಡಿ ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಮರುದಿನ ಸ್ಕೂಲಿನಲ್ಲಿ ನನ್ನ ಕೈ ನೋಡಿದ ಹೆಡ್ಮಾಸ್ಟರು, ಕಾಮಾಲೆಗೆ ನೆಲನೆಲ್ಲಿ ಒಳ್ಳೆಯದು ಎಂದು ಸಲಹೆ ಕೊಟ್ಟರು.

ಅರಿಶಿನದ ಮಹಿಮೆ ಅಷ್ಟಿಷ್ಟಲ್ಲ. ಬೆಸಗರಹಳ್ಳಿ, ಆತಗೂರು ಎರಡು ಕಡೆಯೂ ನಾನೇ ಮನೆಮನೆಗೆ ಹೋದೆ. ಕಿರುಗಾವಲಿಗೆ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಕಟ್ಟು ಕಳಿಸಿದೆ. ಕೊಟ್ಟ ಕಾಗದವನ್ನು ಜನ ಎರಡು ಕೈಯಲ್ಲಿ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡರು! ವಿದ್ಯೆಯ ಮೇಲೆ ಇಷ್ಟು ಭಕ್ತಿಯಿದೆಯಲ್ಲಾ ಎಂದು ಉಬ್ಬಿಹೋದೆ. ಆ ಉದ್ವೇಗದಲ್ಲಿ ನಾನು ಪ್ರತಿ ಮನೆಯಲ್ಲೂ ಕೈ ಮುಗಿದು, "ಮನೆಮಂದಿಯೆಲ್ಲ ಬಂದು ನಡೆಸಿಕೊಡಬೇಕು" ಎಂದೆ. ಕೆಲವು ಕಡೆ ಮಜ್ಜಿಗೆ ಕೊಟ್ಟರು. ಕೆಲವು ಕಡೆ ಹೆಂಗಸರು ಬಾಗಿಲ ಮರೆಯಿಂದ ನನ್ನನ್ನು ದುರುಗುಟ್ಟಿ ನೋಡಿದರು. ಅದರ ಅರ್ಥ ಆಗಲಿಲ್ಲ.

ಮರಿಗೌಡರು ಕಾಗದವನ್ನು ತೊಲೆಯ ಸಂದಿಗೆ ಸೇರಿಸಿ, ಗಂಟಲು ಸರಿಮಾಡಿಕೊಂಡು ಕೇಳಿದರು.

"ಯಾವ ಸೀಮೆಯಿಂದ ತತ್ತಾ ಇದೀರಿ ಸ್ವಾಮಿ?"

ಚಿತ್ರಗಳ ವಿಷಯ ಎಂದುಕೊಂಡು ನನಗೆ ಹಿಗ್ಗೋ ಹಿಗ್ಗು. "ಮಂಗಳೂರು ಕಡೆಯಿಂದ ಗೌಡರೇ, ಸಮುದ್ರದ ದಂಡೆಯಿಂದ."

"ಅಟೊಂದು ದೂರದಿಂದ್ಲಾ! ಇಲ್ಲೆಲ್ಲೂ ಸಿಕ್ನಿಲ್ವಾ?"

"ಇಲ್ಲಿ ಎಲ್ಲಿ ಸಿಗುತ್ತೆ? ಆ ಚೆಲುವೇ ಬೇರೆ. ಆದರೆ ತುಂಬಾ ನಾಜೂಕು. ಜೋಪಾನವಾಗಿ ನೋಡ್ಕೋಬೇಕು."

"ಅಮ್ಮೋರು ಒಪ್ಪವ್ರಾ?"

"ಅವಳದೇನು? ಮೂರು ದಿನದ ಮಾತು. ಮೂರು ದಿನ ಇಟ್ಟುಕೊಂಡು ವಾಪಸ್ಸು ಕಳಿಸಿಬಿಡ್ತೀನಿ. ಹಾಗಂತಲೇ ಮಾತಾಗಿದೆ."

ಗೌಡರು ಅಗಿಯುತ್ತಿದ್ದ ಎಲೆಅಡಿಕೆ ಹಾಗೇ ನಿಂತಿತು. ಒಳಗೆ ಗೌಡರ ಹೆಂಡತಿ ನಿಂಗಮ್ಮನ ಕೈಯಿಂದ ಯಾವುದೋ ಪಾತ್ರೆ ಬಿದ್ದು ಉರುಳಿತು. ಸಮುದ್ರದ ಮಾತಿಗೇ ಇವರು ಹೀಗೆ ಬೆರಗಾದರೆ ಚಿತ್ರ ನೋಡಿದಾಗ ಏನಾದಾರು ಎಂದುಕೊಳ್ಳುತ್ತ ಮನೆಗೆ ಬಂದೆ.

ಮುಂದಿನ ಕೆಲವು ದಿನ ಒಂದು ವಿಚಿತ್ರ ನಡೆಯಿತು. ಮೊಸರು ಮಾರುವವಳು ಕಮಲಳಿಗೆ ಒಂದು ಪಾವು ಮೊಸರು ಸುಮ್ಮನೆ ಹಾಕಿ ಹೋದಳು. ಬೀದಿಯ ಹೆಂಗಸರು ಬಂದು ಅವಳ ಕೈ ಹಿಡಿದು, ದೇವರಿದ್ದಾನೆ ಎಂದರು.

"ರೀ, ಎಲ್ಲರೂ ನನಗೆ ಧೈರ್ಯ ಹೇಳ್ತಿದಾರಲ್ಲ, ಯಾಕೆ?" ಎಂದು ಕೇಳಿದಳು.

"ನನ್ನ ಭಾಷಣ ಹತ್ತಿರ ಬಂತಲ್ಲ, ಅದಕ್ಕಿರಬೇಕು" ಎಂದೆ.

"ಹಾಗಾದ್ರೆ ಸರಿ" ಎಂದಳು.

ಆ ಸಂಜೆ ಬಂತು. ಕೊಠಡಿಯ ಮುಂದಿನ ಬಯಲಿನಲ್ಲಿ ನನ್ನ ಮಡಿ ಪಂಚೆಗಳನ್ನೆಲ್ಲ ಜೋಡಿಸಿ ಕಮಲ ಹೊಲಿದ ಪರದೆ ಕಟ್ಟಿದ್ದೆವು. ಲ್ಯಾಂಟರ್ನನ್ನು ಮೇಜಿನ ಮೇಲೆ ಕೂರಿಸಿದ್ದೆವು. ಅಮಲ್ದಾರರು ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು. ಹೊತ್ತು ಇಳಿಯುತ್ತಿತ್ತು. ಇವತ್ತೂ ನಾನು, ಅವರು, ಜವಾನ ಅಷ್ಟೇ ಆದರೆ ಆ ಬೆಂಚು, ಆ ಪುಸ್ತಕ, ಆ ಸಂಜೆಗಳು ಎಲ್ಲ ಮುಗಿದ ಹಾಗೆ.

ಅಷ್ಟರಲ್ಲಿ ಗಾಡಿಯ ಗೆಜ್ಜೆ ಸದ್ದು ಕೇಳಿತು. ಒಂದು ಗಾಡಿ ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಸಾಲು! ಬೆಸಗರಹಳ್ಳಿಯವರು, ಆತಗೂರಿನವರು, ಕಿರುಗಾವಲಿನ ಬಸ್ಸಿನ ತುಂಬ ಜನ, ಬಸ್ಸಿನ ಮೇಲೂ ಜನ. ಗಂಡಸರು ಹೊಸ ಪೇಟ ಸುತ್ತಿದ್ದರು. ಹೆಂಗಸರು ಪೆಟ್ಟಿಗೆಯ ಸೀರೆ ಉಟ್ಟಿದ್ದರು. ನಮ್ಮ ಸಂಘದ ಚರಿತ್ರೆಯಲ್ಲಿ ಹೆಂಗಸರು ಬಂದದ್ದು ಅದೇ ಮೊದಲು. ಬಯಲು ಸಾಲದೆ ಜನ ಕಚೇರಿಯ ಗೋಡೆ ಹತ್ತಿ ಕುಳಿತರು.

ಅಮಲ್ದಾರರು ಎದ್ದುನಿಂತುಬಿಟ್ಟರು. "ಮೇಷ್ಟ್ರೇ! ನಾನು ಸೋತೆ. ಇಷ್ಟು ಜನ!"

"ಜ್ಞಾನದ ಹಸಿವು ಸಾರ್" ಎಂದೆ, ವಿನಯದಿಂದ.

"ಅದು ಸರಿ. ಹೆಂಗಸರ ತಲೆಯ ಮೇಲಿನ ಬುಟ್ಟಿಗಳಲ್ಲಿ ಏನಿದೆ?"

"ಬುತ್ತಿ ಇರಬೇಕು ಸಾರ್."

"ಆ ವಾಲಗದವರು?"

ನಾನೂ ಆಗಲೇ ನೋಡಿದ್ದು. ಕಿರುಗಾವಲಿನ ಬಸ್ಸಿನಿಂದ ಡೋಲು, ವಾಲಗ ಇಳಿಯುತ್ತಿದ್ದವು. "ಅವರು... ಸಂಘದ ಅಭಿಮಾನಿಗಳು" ಎಂದೆ.

ನಿಂಗಮ್ಮ ಗಾಡಿಯಿಂದ ಇಳಿದವರೇ ಜನವನ್ನು ಸೀಳಿಕೊಂಡು ಕಮಲಳ ಹತ್ತಿರ ಹೋಗಿ ಅವಳನ್ನು ತಬ್ಬಿಕೊಂಡರು.

"ಅಳ್ಬ್ಯಾಡ ಕಣ್ ನನ್ ತಾಯಿ!"

"ನಾನು ಅಳ್ತಾ ಇಲ್ವಲ್ಲ ನಿಂಗಮ್ಮ."

"ಅಯ್ಯೋ, ಕಣ್ಣೀರೆಲ್ಲಾ ಇಂಗೋಗ್ಬುಟ್ಟದೆ!" ಎಂದು ತಾವೇ ಅತ್ತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕಡೆ ತಿರುಗಿದರು.

"ಏನ್ ಸ್ವಾಮಿ, ಮಕ್ಳಾಗ್ನಿಲ್ಲ ಅಂತ ಇಂಥಾ ತಾಯಿ ಇರೋವಾಗ್ಲೇ ಇನ್ನೊಂದು ಮದ್ವೆ ಮಾಡ್ಕತೀರಲ್ಲ! ಅದೂ ಏನು, ಮೂರ್ ದಿನಕ್ಕೆ! ಆ ಎಣ್ಣು ಎತ್ತೋರ್ ಒಟ್ಟೆ ಉರಿಯಾಕಿಲ್ವಾ? ಮಕ್ಕಳ್ಗೆ ಬುದ್ಧಿ ಏಳೋ ಮೇಷ್ಟ್ರು ನೀವು!"

ನಮಗೆ ಮಕ್ಕಳಿಲ್ಲ ಎಂಬುದು ಸೀಮೆಗೆಲ್ಲ ಗೊತ್ತಿದ್ದ ಸಂಗತಿ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದವರು ಯಾರೂ ಇಲ್ಲದೆ ಮೇಷ್ಟ್ರು ಅರಿಶಿನದ ಕಾಗದ ಹಂಚಿದರೆ, ಮದುವೆ ಮೇಷ್ಟ್ರದೇ! ಲೆಕ್ಕ ಸರಿಯಾಗಿಯೇ ಇತ್ತು. ಅಮಲ್ದಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನ್ರೀ ಇದು?"

"ಇಲ್ಲ ಸಾರ್! ಸಮುದ್ರ ಸಾರ್! ಗಾಜು ಸಾರ್!" ಎಂದೆ. ಆ ಗಳಿಗೆಯಲ್ಲಿ ನನಗೆ ಬಂದ ಕನ್ನಡ ಅಷ್ಟೇ.

ಕೊನೆಗೆ ಕಮಲಳೇ ಒಂದು ಕರಪತ್ರ ಹುಡುಕಿ ಅಮಲ್ದಾರರ ಕೈಗೆ ಕೊಟ್ಟಳು. ಅವರು ಗಟ್ಟಿಯಾಗಿ, ಮೊದಲಿನಿಂದ ಕೊನೆಯವರೆಗೆ ಓದಿದರು. ಸಮುದ್ರ ದರ್ಶನ. ಬಯಲು ವಿಹಾರ. ಸಂಗೀತ, ನಾಟಕ. ಸರ್ವರಿಗೂ ಆದರದ ಸ್ವಾಗತ.

"ಅಂಗಾರೆ ಮದ್ವೆ ಇಲ್ವಾ?" ಎಂದು ಯಾರೋ ಕೇಳಿದರು.

"ಊಟಾನೂ ಇಲ್ವಾ?" ಎಂದಿತು ಹಿಂದಿನಿಂದ ಇನ್ನೊಂದು ದನಿ. ಈ ಪ್ರಶ್ನೆಗೆ ಹೆಚ್ಚು ಜನ ಕಿವಿ ನಿಮಿರಿಸಿದರು.

ಇಲ್ಲ ಎಂದು ತಿಳಿದ ಕೂಡಲೇ ಗೊಣಗಾಟ ಶುರುವಾಯಿತು. ಕೆಲವರು ಎತ್ತುಗಳನ್ನು ಬಿಚ್ಚಿಕೊಂಡು ಬಂದು ಗಾಡಿಗೆ ಹೂಡತೊಡಗಿದರು. ಬಸ್ಸಿನವನು ಹಾರನ್ನು ಒತ್ತಿದ. ಅಮಲ್ದಾರರು ನನ್ನ ಕಿವಿಯ ಹತ್ತಿರ ಬಗ್ಗಿ, "ಮೇಷ್ಟ್ರೇ, ಇವರು ಬಂದದ್ದು ನಿಮ್ಮ ಸಂಘಕ್ಕಲ್ಲ. ಗಾಡಿ ಹೊರಟರೆ ನನ್ನ ದಫ್ತರ ಒಳಗೆ ಬರುತ್ತೆ" ಎಂದರು.

ನಾನು ಮರಿಗೌಡರಿಗೆ ಕೈ ಮುಗಿದೆ. "ಗೌಡರೇ, ಬಂದದ್ದು ಬಂದಿದ್ದೀರಿ, ಸಮುದ್ರ ನೋಡಿಕೊಂಡು ಹೋಗಿ. ನಿಮ್ಮ ದಮ್ಮಯ್ಯ."

"ಸಮುದ್ರ ಇರ್ಲಿ ಬುಡಿ ಸ್ವಾಮಿ. ಅರಿಸ್ನ ಅಚ್ಚಿ ಕರ್ದು ಮದ್ವೆ ಇಲ್ಲ ಅಂದ್ರೆ ಒಳ್ಳೇದಾದದಾ? ಮುಂದಿನ್ ತಿಂಗ್ಳು ನಮ್ ಮನೇಲಿ ಮಗಳ ಮದ್ವೆ ಅದೆ. ಈ ಅಪಸಕುನ ನಮ್ ತಲೆಗೆ ಸುತ್ಕಂಡ್ರೆ?"

ಅವರ ಮುಖದಲ್ಲಿ ನಿಜವಾದ ಭಯವಿತ್ತು. ನನ್ನ ಬುದ್ಧಿವಂತಿಕೆ ಇನ್ನೊಬ್ಬರ ಮನೆಯ ಶುಭಕಾರ್ಯಕ್ಕೆ ಅಡ್ಡ ಬಂತಲ್ಲಾ ಎಂದು ನಾಚಿಕೆಯಾಯಿತು.

ಆಗ ನಿಂಗಮ್ಮ ತೀರ್ಪು ಕೊಟ್ಟರು. "ಅರಿಸ್ನದ ಕಾಗ್ದ ಸುಳ್ಳಾಗ್ಬಾರ್ದು. ಯಾರ್ದಾದ್ರೂ ಒಂದು ಮದ್ವೆ ಇಲ್ಲಿ ಆಗ್ಲೇಬೇಕು."

ಎಲ್ಲರೂ ಸುತ್ತ ನೋಡಿದರು. ನಮ್ಮ ಸಂಘದ ಖಜಾಂಚಿ ಇನ್ನೂ ಮದುವೆಯಾಗದ ಯುವಕ. ಅವನು ಮೆಲ್ಲಗೆ ಪರದೆಯ ಹಿಂದೆ ಸರಿದವನು ಆ ದಿನ ಮತ್ತೆ ಕಾಣಿಸಲಿಲ್ಲ.

"ಬ್ಯಾರೆ ಯಾರೂ ಬ್ಯಾಡ" ಎಂದರು ನಿಂಗಮ್ಮ. "ಇವ್ರಿಬ್ರಿಗೇ ಮಾಡನ. ಕಟ್ಟಿರೋ ತಾಳಿ ಕಟ್ಟಿದ್ದಂಗೇ ಇರ್ಲಿ. ಎಲ್ಡು ಆರ ಬದ್ಲಾಯ್ಸಿ, ಸೆರಗು ಗಂಟಾಕಿ, ಅಕ್ಕಿಕಾಳು ಆಕುದ್ರೆ ಮುಗೀತು. ಕರ್ದಿದ್ದು ನಿಜ ಆಯ್ತದೆ."

ಜನ ಹೋ ಎಂದರು. ಕತ್ತಲಾಗುವಷ್ಟರಲ್ಲಿ ನಾನು ಮದುಮಗನಾಗುವುದು ಖಚಿತವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

"ಒಂದು ನಿಮಿಷ" ಎಂದಳು ಕಮಲ. ಅವಳು ಅಷ್ಟು ಜನರ ಮುಂದೆ ಮಾತಾಡಿದ್ದು ನಾನು ಎಂದೂ ಕೇಳಿರಲಿಲ್ಲ. "ಮೊದಲನೇ ಸಲ ನನ್ನ ಒಪ್ಪಿಗೆ ಯಾರೂ ಕೇಳಲಿಲ್ಲ. ಈ ಸಲ ಕೇಳಬೇಕು."

"ಕೇಳಿ ಸ್ವಾಮಿ, ಕೇಳಿ!" ಎಂದು ಹೆಂಗಸರೆಲ್ಲ ನನ್ನ ಮೇಲೆ ಬಿದ್ದರು. ನಾನು ಕೇಳಿದೆ.

"ನನ್ನದೊಂದು ಕರಾರು ಇದೆ. ಈ ಕೊಠಡಿ ವಾರದಲ್ಲಿ ಒಂದು ಸಂಜೆ ನಮಗೆ, ಹೆಂಗಸರಿಗೆ ಬೇಕು. ಓದು ಬಾರದವರಿಗೆ ನಾನು ಓದಿ ಹೇಳ್ತೀನಿ. ಕಲೀಬೇಕು ಅನ್ನೋರಿಗೆ ಕಲಿಸ್ತೀನಿ. ಅವತ್ತು ಗಂಡಸರು ಒಳಗೆ ಬರಬಾರದು."

ದಿನವೂ ಆ ಕೊಠಡಿಯಿಂದ ಮನೆಗೆ ಹೋಗಿ, ಅಲ್ಲಿ ಓದಿದ್ದನ್ನೆಲ್ಲ ಊಟ ಮಾಡುತ್ತ ಅವಳಿಗೆ ಹೇಳುತ್ತಿದ್ದೆ. ಅವಳಿಗೂ ಅಲ್ಲಿಗೆ ಬಂದು ಕೂರುವ ಆಸೆ ಇದ್ದೀತು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಜ್ಞಾನ ತರುವ ಭಾರ ಹೊತ್ತವನು ನಾನು! ಅದನ್ನು ನೆನೆದರೆ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

"ಒಪ್ಕಳಿ ಸ್ವಾಮಿ ಬಿರ್ನೆ, ಎಣ್ಣು ಎದ್ದೋಯ್ತದೆ!" ಎಂದರು ನಿಂಗಮ್ಮ. ನಾನು ಒಪ್ಪಿದೆ. ಅಮಲ್ದಾರರು, ಕೊಠಡಿ ಇನ್ನೂ ತಮ್ಮದೇ ಎಂಬುದನ್ನು ಮರ್ಯಾದೆಗಾಗಿ ಒಂದು ಸಲ ಜ್ಞಾಪಿಸಿ, ತಾವೂ ತಲೆಯಾಡಿಸಿದರು.

ಆಮೇಲೆ ನಡೆದದ್ದೆಲ್ಲ ಬಿರುಸಿನಿಂದ. ಸಂಘದ ಬೆಂಚೇ ಹಸೆಮಣೆಯಾಯಿತು. ವಾಲಗ ಮೊಳಗಿತು. ಕಿರುಗಾವಲಿನವರು ಊದಿದ ರಭಸಕ್ಕೆ ಕಚೇರಿಯ ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಹಾರ ಬದಲಾಯಿಸಿದೆವು. ಅಕ್ಕಿಕಾಳು ನನ್ನ ತಲೆಯ ಮೇಲೆ ಬೀಳುವುದಕ್ಕಿಂತ ಮುಖದ ಮೇಲೆ ಹೆಚ್ಚು ಬಿದ್ದವು. ಎಸೆದವರಲ್ಲಿ ನಿಂಗಮ್ಮನ ಗುರಿ ಬಹಳ ಚೆನ್ನಾಗಿತ್ತು. ಊಟದ ಪ್ರಶ್ನೆಯನ್ನು ಮದುಮಗಳೇ ಕುಳಿತಲ್ಲಿಂದ ಬಗೆಹರಿಸಿದಳು. ಮದುವೆಯ ಮುಯ್ಯಿಗೆಂದು ತಂದಿದ್ದ ಬುಟ್ಟಿಗಳಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಹೊಸ ಬೆಲ್ಲದ ಅಚ್ಚುಗಳು ಇದ್ದವು. "ಎಲ್ಲ ಸೇರಿಸಿ ರಸಾಯನ ಮಾಡಿ, ಅಂಗಡಿಯಿಂದ ಅವಲಕ್ಕಿ ತರಿಸಿ" ಎಂದಳು. ಬಂದವರು ತಂದದ್ದನ್ನೇ ಬಂದವರಿಗೆ ಬಡಿಸಿ ಮಾಡಿದ ಮದುವೆ ನಮ್ಮ ಸೀಮೆಯಲ್ಲಿ ಅದೊಂದೇ ಇರಬೇಕು!

ಜನ ಎಲೆ ಹಿಡಿದು ಕುಳಿತಾಗ ಲ್ಯಾಂಟರ್ನಿನ ನೆನಪಾಯಿತು. ಎದ್ದು ಹೋಗೋಣವೆಂದರೆ ನನ್ನ ಶಲ್ಯಕ್ಕೂ ಕಮಲಳ ಸೆರಗಿಗೂ ಗಂಟು. ಆರತಿಯಾಗುವ ತನಕ ಏಳಕೂಡದು ಎಂದು ನಿಂಗಮ್ಮನ ಅಪ್ಪಣೆ. ಅಮಲ್ದಾರರ ಜವಾನ ಚಿತ್ರ ಹಾಕಲು ನಿಂತ. ನಾನು ಕುಳಿತಲ್ಲಿಂದಲೇ ಭಾಷಣ ಆರಂಭಿಸಿದೆ.

"ಮಹನೀಯರೇ, ಮಹಿಳೆಯರೇ, ಈಗ ನಿಮ್ಮೆದುರಿಗಿರುವುದೇ ಅಪಾರವಾದ ಸಮುದ್ರ!"

ಜವಾನ ಗಾಜನ್ನು ತಲೆಕೆಳಗಾಗಿ ಹಾಕಿದ್ದ. ಪರದೆಯಲ್ಲಿ ಆಕಾಶ ಕೆಳಗೆ, ಸಮುದ್ರ ಮೇಲೆ.

"ಸಮುದ್ರ ಮ್ಯಾಲಿರ್ತದಾ?" ಎಂದು ಒಬ್ಬರು ಕೇಳಿದರು.

"ಇನ್ನೇನ್ಲಾ ಮತ್ತೆ? ಮಳೆ ಎಲ್ಲಿಂದ ಬತ್ತದೆ ಅನ್ಕಂಡಿದ್ದೆ?" ಎಂದರು ಪಕ್ಕದವರು. ನನಗಿಂತ ಮೊದಲೇ ವಿಷಯ ಇತ್ಯರ್ಥವಾಯಿತು.

ಚಿತ್ರ ನೆಟ್ಟಗಾದ ಮೇಲೆ ಮರಿಗೌಡರು ಎಲೆ ಪಕ್ಕಕ್ಕಿಟ್ಟು ಮುಂದೆ ಬಂದರು. "ಇಟೊಂದು ನೀರಿಗೆ ತೂಬು ಎಲ್ ಮಡಗವ್ರೆ ಸ್ವಾಮಿ?"

"ತೂಬು ಇಲ್ಲ ಗೌಡರೇ."

"ತೂಬಿಲ್ವಾ! ಇಟ್ ನೀರ್ ಮಡಿಕಂಡು ಒಂದು ಗದ್ದೇನೂ ಮಾಡಿಲ್ವಲ್ಲ, ಎಂಥಾ ಸೋಂಬೇರಿಗಳು!"

"ಅದು ಉಪ್ಪು ನೀರು ಗೌಡರೇ."

"ಓ! ಅಂಗಾರೆ ಬುಡಿ" ಎಂದು ಸಮುದ್ರವನ್ನು ಕ್ಷಮಿಸಿ ಹೋಗಿ ಕುಳಿತರು.

ಆಮೇಲೆ ಅಲೆಯ ಚಿತ್ರ ಬಂತು. ಎದ್ದು ನಿಂತ ಒಂದೇ ಒಂದು ದೊಡ್ಡ ಅಲೆ, ತುದಿಯಲ್ಲಿ ನೊರೆ. ಮಾತು ನಿಂತಿತು. ಕಂಕುಳಲ್ಲಿ ಮಗು ಇದ್ದ ಹೆಂಗಸರು ಮಗುವಿನ ಮುಖವನ್ನು ಪರದೆಯ ಕಡೆಗೆ ತಿರುಗಿಸಿದರು. ನನ್ನ ಭಾಷಣವೂ ನಿಂತಿತು. ನಾನೂ ನೋಡುತ್ತಿದ್ದುದು ಅದೇ ಮೊದಲಲ್ಲವೇ! ಬಹಳ ಸಂತೋಷವಾಯಿತು.

"ರೀ, ಇದನ್ನ ಒಂದು ಸಲ ನಿಜವಾಗಿ ನೋಡಬೇಕು" ಎಂದು ಕಮಲ ಮೆಲ್ಲಗೆ ಹೇಳಿದಳು.

"ಖಂಡಿತ ಕರ್ಕೊಂಡು ಹೋಗ್ತೀನಿ."

"ಯಾರನ್ನೂ ಕರೀದೆ ಹೋಗೋಣ" ಎಂದಳು.

ಮಾರನೆಯ ದಿನದ ನದಿಯ ವಿಹಾರಕ್ಕೂ, ಮೂರನೆಯ ದಿನದ ಸಂಗೀತ ನಾಟಕಕ್ಕೂ ಜನ ತಾವಾಗಿಯೇ ಬಂದರು. ಶಿಂಷೆಯ ಮರಳಿನಲ್ಲಿ ನಾನು ಹಕ್ಕಿಗಳ ವಿಷಯ ಹೇಳುತ್ತಿದ್ದರೆ, ಹೆಂಗಸರು ಕಮಲಳನ್ನು ಸುತ್ತುವರಿದು ಮರಳಿನ ಮೇಲೆ ಬೆರಳಿನಿಂದ ತಮ್ಮ ಹೆಸರು ಬರೆಸಿಕೊಳ್ಳುತ್ತಿದ್ದರು. ನಿಂಗಮ್ಮ ತಮ್ಮ ಹೆಸರನ್ನು ತಾವೇ ತಿದ್ದಿ, ಅದರ ಮೇಲೆ ಯಾರೂ ಕಾಲಿಡದಂತೆ ಕಾವಲು ನಿಂತರು. ನನ್ನ ಹಕ್ಕಿಗಳನ್ನು ಕೇಳಲು ಕೊನೆಗೆ ಉಳಿದವನು ಜವಾನ ಒಬ್ಬನೇ. ಅವನೂ ನೆರಳು ನೋಡಿಕೊಂಡು ಕುಳಿತಿದ್ದ.

ನಾಟಕ ಮುಗಿದ ಮೇಲೆ ಅಮಲ್ದಾರರು ಎಲ್ಲರೆದುರಿಗೆ ಎದ್ದು ನಿಂತರು. "ಈ ಕೊಠಡಿ ಸಂಘಕ್ಕೇ ಇರಲಿ. ದಫ್ತರಕ್ಕೆ ಬೇರೆ ಜಾಗ ನೋಡ್ತೀನಿ" ಎಂದು ಹೇಳಿ, ಕೋಟಿನ ಜೇಬಿನಿಂದ ಕೊಠಡಿಯ ಬೀಗದ ಕೈ ತೆಗೆದರು. ಚಪ್ಪಾಳೆಯೋ ಚಪ್ಪಾಳೆ. ನನ್ನ ಕಣ್ಣು ತುಂಬಿತು. ವಂದನಾರ್ಪಣೆಯ ನಾಲ್ಕು ಮಾತು ಮನಸ್ಸಿನಲ್ಲೇ ಜೋಡಿಸಿಕೊಂಡು, ಎರಡೂ ಕೈ ಚಾಚಿ ಮುಂದೆ ಹೋದೆ. ಅಮಲ್ದಾರರು ನನ್ನನ್ನು ಬಳಸಿಕೊಂಡು ಹೋಗಿ ಬೀಗದ ಕೈಯನ್ನು ಕಮಲಳಿಗೆ ಕೊಟ್ಟರು.

"ನಿಮ್ಮ ಹತ್ತಿರವೇ ಇರಲಿ ತಾಯಿ" ಎಂದರು. "ಇವರ ಕೈಗೆ ಕೊಟ್ಟರೆ ಮುಂದಿನ ಸಲ ನನ್ನ ಮದುವೆಯಾಗುತ್ತೆ."

ಇವತ್ತಿಗೂ ಸಂಘದ ಕಾರ್ಯದರ್ಶಿ ನಾನೇ. ಸಂಜೆಯಾದರೆ ಸದಸ್ಯರೆಲ್ಲರ ಜೊತೆ ಬಾಗಿಲ ಮುಂದೆ ಗಂಭೀರವಾಗಿ ನಿಂತಿರುತ್ತೇನೆ. ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದ ಮೇಲೆ ಕಮಲ ಬಂದು ಬೀಗ ತೆಗೆಯುತ್ತಾಳೆ. ಹೆಂಗಸರ ಸಂಜೆಯಂದು ಮಾತ್ರ ಅವಳು ಮೊದಲೇ ಹೊರಡುತ್ತಾಳೆ. ಬೆಸಗರಹಳ್ಳಿಯಿಂದ ಗಾಡಿ ಬಂದಿರುತ್ತದೆ, ತಡಮಾಡುವ ಹಾಗಿಲ್ಲ. ಅವತ್ತು ಒಗ್ಗರಣೆಯ ಭಾರ ನನ್ನದು. ನಿನ್ನೆ ಅದೂ ಸೀದುಹೋಯಿತು!